ರೈಟ್ ಅನ್ನದೆ ಹೊರಡದ ಪ್ಲಿಮತ್

"ಎಲ್ಲರೂ ಎರಡು ಹೆಜ್ಜೆ ಹಿಂದಕ್ಕೆ ಸರೀರಿ," ಎಂದರು ದೊಡ್ಡಪ್ಪ.

ಎಲ್ಲರೂ ಎಂದರೆ ಅಜ್ಜಿ, ದೊಡ್ಡಮ್ಮ ಮತ್ತು ನಾನು. ಸರಿಯಲು ಜಾಗವಿರಲಿಲ್ಲ. ವಿದ್ಯಾರಣ್ಯಪುರಂನ ನಮ್ಮ ಮನೆಯ ಶೆಡ್ಡಿನಲ್ಲಿ ಐವತ್ತನಾಲ್ಕನೇ ಇಸವಿಯ ಅಮೆರಿಕದ ಪ್ಲಿಮತ್ ಕಾರು ನಿಂತ ಮೇಲೆ ಮನುಷ್ಯರಿಗೆ ಉಳಿಯುವುದು ಗೋಡೆಗೆ ಬೆನ್ನು ಒತ್ತಿ, ಉಸಿರು ಒಳಗೆಳೆದುಕೊಂಡು ನಿಲ್ಲುವಷ್ಟು ಜಾಗ.

ದೊಡ್ಡಪ್ಪನ ಕೈಯಲ್ಲಿದ್ದ ಯಂತ್ರ ಮೊದಲ ನೋಟಕ್ಕೆ ಇಡ್ಲಿ ಪಾತ್ರೆಯ ಹಾಗೆ ಕಂಡಿತು. ಎರಡನೇ ನೋಟಕ್ಕೂ ಹಾಗೇ ಕಂಡಿತು. ಅದಕ್ಕೆ ತಾಮ್ರದ ತಂತಿ ಸುತ್ತಿ, ಹಳೆಯ ರೇಡಿಯೋದ ತಿರುಪು ಕೂರಿಸಿ, ಮುಂಭಾಗಕ್ಕೆ ಸೀಮೆಎಣ್ಣೆಯ ಲಾಳಿಕೆಯೊಂದನ್ನು ಬೆಸುಗೆ ಹಾಕಿದ್ದರು.

"ನನ್ನ ಇಡ್ಲಿ ಪಾತ್ರೆ," ಎಂದರು ದೊಡ್ಡಮ್ಮ.

"ಅದು ಹೋದ ವಾರ. ಈಗ ಇದು ಸ್ಮರಣಯಂತ್ರ."

"ನಾಳೆ ತಿಂಡಿಗೇನು ಮಾಡ್ಲಿ? ಸ್ಮರಣೆ ಬೇಯಿಸ್ಲಾ?"

"ಯಶೋದಾ, ಒಂದು ನಿಮಿಷ ಸುಮ್ನಿರು. ಬಗ್ಗಿಸಿದ ತಂತೀನ ಬಿಸಿನೀರಿಗೆ ಹಾಕಿದ್ರೆ ತನ್ನ ಮೊದಲಿನ ಆಕಾರಕ್ಕೆ ಬರೋ ಲೋಹ ಒಂದಿದೆ. ಕೇಳು ಬೇಕಾದ್ರೆ ಇವಳನ್ನ, ಬಿ.ಎಸ್ಸಿ. ಓದಿದ್ದಾಳೆ."

ನಾನು ತಲೆಯಾಡಿಸಿದೆ. ಅಂಥ ಲೋಹ ಇರುವುದು ನಿಜ.

"ಒಂದು ಲೋಹಕ್ಕೆ ನೆನಪಿರೋದಾದ್ರೆ ಎಲ್ಲಾ ಲೋಹಕ್ಕೂ ಇರಬೇಕು. ಮರೆತಿರುತ್ತೆ ಅಷ್ಟೆ. ನಾನು ನೆನಪು ಮಾಡಿಕೊಡ್ತೀನಿ."

ದೊಡ್ಡಪ್ಪ ಚೆಲುವರಾಜು ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವರು. ಕಬ್ಬಿಣದ ಬಗ್ಗೆ ಮಾತಾಡುವಾಗ ಅವರ ದನಿ ಮಗುವಿನ ಜ್ವರ ವಿಚಾರಿಸುವವರ ದನಿಯಂತೆ ಮೆತ್ತಗಾಗುತ್ತದೆ. ಅವರು ಸೊಟ್ಟ ಸೌಟೊಂದನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಲಾಳಿಕೆಯನ್ನು ಅದರ ಕಡೆ ಹಿಡಿದು ತಿರುಪು ತಿರುಗಿಸಿದರು. ಗುಂಯ್ ಎಂಬ ಸದ್ದಾಯಿತು. ಸೌಟು ಮೈ ಮುರಿದು, ನೆಟ್ಟಗಾಯಿತು.

ದೊಡ್ಡಮ್ಮ ಬಾಯಿ ಮುಚ್ಚಿದರು. ನಮ್ಮ ಮನೆಯಲ್ಲಿ ಅದೇ ದೊಡ್ಡ ಪ್ರಶಸ್ತಿ.

ಎಲ್ಲರೂ ಕಾಫಿಗೆಂದು ಒಳಗೆ ಹೋದ ಮೇಲೆ ನಾನು ಸೌಟನ್ನು ಎತ್ತಿ ಖಾಲಿ ಬಕೆಟ್ಟಿಗೆ ಹಾಕಿದೆ. ಅದು ಬಕೆಟ್ಟಿನ ತಳದಲ್ಲಿ ನಿಧಾನವಾಗಿ ಮೂರು ಸುತ್ತು ಕಲಕಿ ಸುಮ್ಮನಾಯಿತು. ನೆನಪಾದದ್ದು ಆಕಾರವೊಂದೇ ಅಲ್ಲ, ಕೆಲಸವೂ ಎಂದು ನನಗೆ ಅನ್ನಿಸಿತು. ದೊಡ್ಡಪ್ಪನಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಡೈರಿಯಲ್ಲಿ ಬರೆದೆ.

ನನ್ನ ಸ್ವಭಾವವೇ ಹಾಗೆ. ಸಿಟಿ ಬಸ್ಸಿನಲ್ಲಿ ನನ್ನ ಸ್ಟಾಪು ಬಂದಾಗ "ಹೋಲ್ಡಾನ್" ಎಂದು ಕೂಗಲಾಗದೆ, ಬೇರೆ ಯಾರಾದರೂ ಇಳಿಯುವ ಮುಂದಿನ ಸ್ಟಾಪಿನವರೆಗೂ ಹೋಗಿ, ಬಿಸಿಲಲ್ಲಿ ನಡೆದು ವಾಪಸು ಬಂದವಳು ನಾನು. ಕಾಲೇಜಿನ ಮೂರು ವರ್ಷವೂ ಹೀಗೆಯೇ ನಡೆದೆ. ಕಾಲು ಗಟ್ಟಿಯಾದವು.

*

ಪ್ಲಿಮತ್ತಿನ ವಿಷಯ ಹೇಳಬೇಕು. ಅದು ಮೊದಲು ಕಾಫಿ ಕ್ಯೂರಿಂಗ್ ಕಾರ್ಖಾನೆಯ ಸಾಹೇಬರೊಬ್ಬರ ಕಾರು. ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದವರು ನಮ್ಮ ತಾತ, ಡ್ರೈವರ್ ಮರಿಯಪ್ಪ. ಅಜ್ಜಿ ಪುಟ್ಟತಾಯಮ್ಮ ಆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ. ಸಾಹೇಬರು ಸಂಜೆ ಮೀಟರ್ ನೋಡುತ್ತಿದ್ದರಂತೆ. ತಾತ ಸಂಜೆ ಸಾಹೇಬರ ಮನೆಗೆ ಕಾರು ಬಿಡಲು ಹೋಗುವಾಗ ನಮ್ಮ ಗಲ್ಲಿಯ ತುದಿಯಲ್ಲಿ ಎರಡು ಸಲ ಮೆತ್ತಗೆ ಹಾರನ್ ಒತ್ತುತ್ತಿದ್ದರು. ಇನ್ನು ಅರ್ಧ ಗಂಟೆಯಲ್ಲಿ ಬರುತ್ತೇನೆ, ಸ್ನಾನಕ್ಕೆ ನೀರಿಡು ಎಂದು ಅದರ ಅರ್ಥ. "ಒಂದಿನ ನಿನ್ನ ಇದರಲ್ಲೇ ಕೂರಿಸಿ ಅರಮನೆ ಸುತ್ತ ಒಂದು ಸುತ್ತು ಹಾಕಿಸ್ತೀನಿ," ಎಂದು ಮಾತು ಕೊಟ್ಟಿದ್ದರು. ಮಾತು ಹಾಗೇ ಉಳಿಯಿತು, ತಾತ ಉಳಿಯಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ದೊಡ್ಡಪ್ಪನಿಗೆ ಅದೇ ಕಾರು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಕಾರು ಎನ್ನುವುದಕ್ಕಿಂತ ಕಾರಿನ ಚಿಪ್ಪು. ಬಾಡಿ, ಸ್ಟಿಯರಿಂಗ್, ಹಾರನ್ ಇಷ್ಟು ಮಾತ್ರ ಅದರದ್ದು. ಉಳಿದದ್ದನ್ನೆಲ್ಲ ದೊಡ್ಡಪ್ಪ ಮೈಸೂರಿನಿಂದಲೇ ಕೂಡಿಸಿದರು. ಎಂಜಿನ್ನು, ಹಿಂದಿನ ಬೀದಿಯಲ್ಲಿ ಮುಚ್ಚಿಹೋದ ಹಿಟ್ಟಿನ ಗಿರಣಿಯದು. ಗೇರ್ ಬಾಕ್ಸು, ಹರಾಜಿಗೆ ಬಂದಿದ್ದ ಸಿಟಿ ಬಸ್ಸಿನದು. ಮುಂದಿನ ಎಡಗಡೆ ಸೀಟು ಕ್ಷೌರದಂಗಡಿಯ ಕುರ್ಚಿ. ರೇಡಿಯೇಟರಿನ ಮುಚ್ಚಳ ದೊಡ್ಡಮ್ಮನ ಹಳೇ ಪ್ರೆಶರ್ ಕುಕ್ಕರಿನದು, ಮೇಲಿನ ಗುಂಡು ಸಮೇತ. ಹೈಸ್ಕೂಲಿನಿಂದಲೂ ಯಾವ ಭಾಗ ಎಲ್ಲಿಂದ ಬಂತೆಂದು ನಾನು ಡೈರಿಯಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಬೇರೆ ಯಾರೂ ಬರೆದಿಲ್ಲ, ದೊಡ್ಡಪ್ಪ ಕೂಡ.

ಸರಿಯಾದ ಕಾಗದಪತ್ರವಿಲ್ಲದ ಆ ಕಾರನ್ನು ಸುಮ್ಮನೆ ರಸ್ತೆಗೆ ಇಳಿಸುವಂತಿರಲಿಲ್ಲ. ಹಳೇ ಕಾರುಗಳ ಸಂಘದವರು ವರ್ಷಕ್ಕೊಮ್ಮೆ ಅರಮನೆಯ ಸುತ್ತ ಮೆರವಣಿಗೆ ನಡೆಸುತ್ತಾರೆ. ಅವತ್ತು ಮಾತ್ರ, ಸಂಘದ ಚೀಟಿ ಇದ್ದರೆ, ಬಿಡುತ್ತಾರೆ. ಚೀಟಿಗೆ ಎರಡು ಷರತ್ತು: ಕಾರು ಮೂಲರೂಪದಲ್ಲಿರಬೇಕು, ಸ್ವಂತ ಬಲದಿಂದ ಓಡಬೇಕು. ಪರೀಕ್ಷೆಗೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲಿಂಗರಾಜೇ ಅರಸ್ ಎಂಬುವರು ಬರುವವರಿದ್ದರು. ಮೆರವಣಿಗೆ ಅವತ್ತೇ ಹತ್ತಕ್ಕೆ.

ಅಜ್ಜಿಗೆ ಎಂಬತ್ತಾರು. ಕಾರು ಶೆಡ್ಡಿಗೆ ಬಂದ ದಿನ, ಬಂದು ಕೂರಮ್ಮ ಎಂದು ದೊಡ್ಡಪ್ಪ ಕರೆದಿದ್ದರಂತೆ. "ನಿಂತಿರೋ ಕಾರಲ್ಲಿ ಕೂರೋಕೆ ನಮ್ಮನೇಲೇ ಮಂಚ ಇದೆ. ಅರಮನೆ ಸುತ್ತೋ ದಿನ ಹೇಳು," ಎಂದರಂತೆ ಅಜ್ಜಿ.

*

ಸೋಮವಾರ ದೊಡ್ಡಪ್ಪ ಇಡೀ ಕಾರಿಗೆ ಯಂತ್ರ ಹಿಡಿದರು. ಮಡ್‌ಗಾರ್ಡಿನ ತಗ್ಗುಗಳು ಟಪ್ ಟಪ್ ಎಂದು ಮೇಲೆದ್ದವು. ಬಾಗಿದ ಬಂಪರ್ ನೆಟ್ಟಗಾಗಿ ಮುಖ ನೋಡಿಕೊಳ್ಳುವಷ್ಟು ಹೊಳೆಯಿತು. ಹತ್ತೊಂಬತ್ತು ವರ್ಷ ಉಜ್ಜಿದರೂ ಬಾರದ ಮೆರುಗು ಹತ್ತೇ ನಿಮಿಷದಲ್ಲಿ ಬಂದುಬಿಟ್ಟಿತು. ದೊಡ್ಡಪ್ಪ ಶೆಡ್ಡಿನ ಮೂಲೆಗೆ ಹೋಗಿ ಮೂಗು ಒರೆಸಿಕೊಂಡರು. ನಾವು ನೋಡದವರಂತೆ ನಿಂತೆವು.

ಮಂಗಳವಾರ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಬಿಚ್ಚಿದರು, ಕಟ್ಟಿದರು, ಬೈದರು, ಕ್ಷಮೆ ಕೇಳಿದರು. ಜಪ್ಪಯ್ಯ ಅನ್ನಲಿಲ್ಲ. ಬುಧವಾರ ಬೆಳಿಗ್ಗೆ ಕೀಲಿ ಮುಟ್ಟಿದ ಕೂಡಲೇ ಟುಕುಟುಕು ಎಂದು ಹೊಡೆದುಕೊಳ್ಳಲು ಶುರುವಾಯಿತು.

"ರಾತ್ರಿ ತಂಡಿ ಹಿಡಿದಿತ್ತು ಅಂತ ಕಾಣುತ್ತೆ," ಎಂದರು ದೊಡ್ಡಪ್ಪ.

ಆ ಗಿರಣಿಗೆ ಮಂಗಳವಾರ ವಾರದ ರಜೆ ಇತ್ತು. ಹೇಳಬೇಕೆಂದುಕೊಂಡೆ. ಡೈರಿಯಲ್ಲಿ ಬರೆದೆ.

ಸದ್ದು ಕೇಳಿ ಹತ್ತು ನಿಮಿಷಕ್ಕೆ ಹಿಂದಿನ ಬೀದಿಯ ತಿಮ್ಮಾಜಮ್ಮ ಸೊಂಟದ ಮೇಲೆ ರಾಗಿ ಡಬ್ಬ ಹೊತ್ತು ಬಂದರು. "ಗಿರಣಿ ಮತ್ತೆ ಶುರುವಾಯ್ತಾ ಚೆಲುವರಾಜಣ್ಣ? ಸಣ್ಣಗೆ ಬೀಸಿಕೊಡಿ, ಹೋದ ಸಲ ತರಿತರಿ ಆಗಿತ್ತು."

"ಇದು ಕಾರು ತಾಯಿ."

"ಕಾರೇ ಇರಲಿ. ಸಣ್ಣಗೆ ಬೀಸಲಿ."

ಅಷ್ಟರಲ್ಲಿ ರೇಡಿಯೇಟರ್ ಬಿಸಿಯಾಗಿ ಕುಕ್ಕರ್ ಗುಂಡು ಒಂದು ಸೀಟಿ ಹಾಕಿತು. ಎರಡು ಹಾಕಿತು. ಮೂರನೆಯದಕ್ಕೆ ದೊಡ್ಡಮ್ಮ ಅಡಿಗೆಮನೆಯಿಂದ ಸೆರಗು ಸಿಕ್ಕಿಸಿಕೊಂಡು ಓಡಿಬಂದು, ಯಾರನ್ನೂ ಕೇಳದೆ ಕಾರಿನ ಕೀಲಿ ತಿರುಗಿಸಿ ಎಂಜಿನ್ ಆರಿಸಿ ಹೋದರು.

"ಏನೇ ಇದು?"

"ಮೂರು ಸೀಟಿ ಆಯ್ತಲ್ರೀ," ಎಂದು ಒಳಗಿನಿಂದ ಉತ್ತರ ಬಂತು. "ಬಿಟ್ಟರೆ ತಳ ಹತ್ತುತ್ತೆ."

*

ಭಾನುವಾರ ಅಜ್ಜಿ ಆರು ಗಂಟೆಗೇ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಮುಡಿಯಲ್ಲಿ ಮೊಳ ಮಲ್ಲಿಗೆ. ಬಗಲಲ್ಲಿ ಕೈಚೀಲ. ಚೀಲದಲ್ಲಿ ತಾತನ ಕಾಕಿ ಟೋಪಿ ಇತ್ತೆಂದು ನನಗೆ ಮಾತ್ರ ಗೊತ್ತಿತ್ತು.

ಲಿಂಗರಾಜೇ ಅರಸ್ ಸರಿಯಾಗಿ ಒಂಬತ್ತಕ್ಕೆ ಬಂದರು. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಮೀಸೆ. ಕೈಯಲ್ಲಿ ಫಾರಂ. ಕಾರಿನ ಸುತ್ತ ಎರಡು ಸುತ್ತು ಹಾಕಿ, "ಭೇಷ್," ಎಂದರು. "ಈ ಊರಲ್ಲಿ ಇಷ್ಟು ಚೆನ್ನಾಗಿ ಉಳಿದಿರೋ ಬಾಡಿ ನಾನು ನೋಡಿಲ್ಲ. ಒಳಗಡೆದು?"

"ಎಲ್ಲಾ ಅಮೆರಿಕದ್ದೇ ಸರ್," ಎಂದರು ದೊಡ್ಡಪ್ಪ. ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಕಿವಿ ಎರಡೂ ಕೆಂಪಗಾಗಿದ್ದವು.

"ಗೇರ್ ಬಾಕ್ಸು?"

"ಅದೂ."

ಅಜ್ಜಿ ಬಲಗಾಲಿಟ್ಟು ಹಿಂದಿನ ಸೀಟಿಗೆ ಹತ್ತಿದರು. ಪಕ್ಕದಲ್ಲಿ ದೊಡ್ಡಮ್ಮ. ಎಂಜಿನ್ ಸದ್ದು ಕೇಳಿ ಮತ್ತೆ ಬಂದಿದ್ದ ತಿಮ್ಮಾಜಮ್ಮ, ಯಾರೂ ಬೇಡ ಎನ್ನುವ ಮೊದಲೇ ಡಬ್ಬ ಸಮೇತ ಆ ಕೊನೆಗೆ ಕೂತರು. ನಾನು ಬಾಗಿಲ ಪಕ್ಕ ಸಿಕ್ಕಿದ ಗೇಣುದ್ದ ಜಾಗದಲ್ಲಿ ಮುದುರಿದೆ. ಅರಸ್ ಮುಂದಿನ ಎಡಗಡೆ ಸೀಟಿನಲ್ಲಿ ಕೂತರು. ಸೀಟು ಕಿರ್ರ್ ಎಂದು ಎರಡು ಅಂಗುಲ ಮೇಲೇರಿ, ಅವರ ತಲೆಯನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿತು.

"ಇದು?" ಎಂದು ಅರಸ್ ಛಾವಣಿಯನ್ನು ಕೇಳಿದರು.

"ಸುಖಾಸನ ಸರ್. ಆ ಕಾಲದಲ್ಲಿ ಅವರದೆಲ್ಲ ಹೀಗೇ."

ದೊಡ್ಡಪ್ಪ ಗೇರ್ ಹಾಕಿದರು. ಕಾರು ಹೊರಡಲಿಲ್ಲ. ತೆಗೆದು ಹಾಕಿದರು. ಎಂಜಿನ್ನು ಟುಕುಟುಕು ಎನ್ನುತ್ತಲೇ ಇತ್ತು, ಚಕ್ರ ಮಾತ್ರ ನೆಲಕ್ಕೆ ಬೇರು ಬಿಟ್ಟಂತೆ ನಿಂತಿತ್ತು. ಐದು ನಿಮಿಷವಾಯಿತು. ಹತ್ತಾಯಿತು. ದೊಡ್ಡಪ್ಪನ ಅಂಗಿಯ ಬೆನ್ನು ಒದ್ದೆಯಾಯಿತು. ಅರಸ್ ಮಲಗಿದ್ದಲ್ಲಿಂದಲೇ ಗಡಿಯಾರ ನೋಡಿ, "ಸ್ವಂತ ಬಲ," ಎಂದು ಫಾರಂನ ಆ ಸಾಲಿನ ಮೇಲೆ ಪೆನ್ನು ಇಟ್ಟರು.

"ಇಳಿಯೋದಾ ಮಗ?" ಎಂದರು ಅಜ್ಜಿ. ದನಿಯಲ್ಲಿ ಕೋಪವಿರಲಿಲ್ಲ. "ಇವತ್ತು ಇಳಿದ್ರೆ ಮತ್ತೆ ಹತ್ತೋಕೆ ಮೊಣಕಾಲು ಕೇಳಲ್ಲ, ಹೇಳಿಬಿಟ್ಟಿದ್ದೀನಿ."

ದೊಡ್ಡಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಎದುರಿನ ಗೇಟು ನೋಡುತ್ತಿದ್ದರು.

ನನಗೆ ಕಾರಣ ಗೊತ್ತಿತ್ತು. ತೊಡೆಯ ಮೇಲಿದ್ದ ಡೈರಿಯ ನಲವತ್ತೊಂದನೇ ಪುಟದಲ್ಲಿತ್ತು. ಬರೆಯಲು ಪೆನ್ನು ತೆಗೆದೆ. ಮತ್ತೆ ಅಜ್ಜಿಯ ಕೈ ನೋಡಿದೆ. ಕೈಚೀಲದ ಬಾಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಅದು ಸಿಟಿ ಬಸ್ಸಿನದು," ಎಂದೆ.

"ಏನು?" ಎಂದರು ಅರಸ್.

"ಗೇರ್ ಬಾಕ್ಸು. ಕಂಡಕ್ಟರ್ ಹೇಳದೆ ಹೊರಡಲ್ಲ."

ದೊಡ್ಡಪ್ಪನ ಕಿವಿ ಇನ್ನಷ್ಟು ಕೆಂಪಾಯಿತು. ಚೀಟಿ ಹೋಯಿತು, ಹೋಗಿದ್ದು ನನ್ನ ಬಾಯಿಂದ. ಇನ್ನು ಅರ್ಧಕ್ಕೆ ನಿಲ್ಲಿಸುವುದರಲ್ಲಿ ಅರ್ಥವಿಲ್ಲ ಎನ್ನಿಸಿ, ಬಾಗಿಲ ಕಿಟಕಿಯಿಂದ ತಲೆ ಹೊರಗೆ ಹಾಕಿ, "ರೈಟ್," ಎಂದೆ.

ಕಾರು ಒಂದು ಮೊಳ ಮುಂದೆ ಹೋಗಿ ನಿಂತಿತು.

"ಗಟ್ಟಿಯಾಗಿ ಹೇಳೇ, ಅದಕ್ಕೆ ಕಿವಿ ಮಂದ," ಎಂದರು ದೊಡ್ಡಮ್ಮ. "ಇಪ್ಪತ್ತು ವರ್ಷ ಬಸ್ಸಿನ ಗಲಾಟೆಯೊಳಗೆ ಇದ್ದದ್ದು."

ನಾನು ಕಣ್ಣು ಮುಚ್ಚಿಕೊಂಡೆ. "ರೈಟ್, ರೈಟ್!"

ನನ್ನೊಳಗೆ ಅಷ್ಟು ದೊಡ್ಡ ದನಿ ಇತ್ತೆಂದು ನನಗೂ ಗೊತ್ತಿರಲಿಲ್ಲ. ಪ್ಲಿಮತ್ ಗೇಟು ದಾಟಿ ರಸ್ತೆಗೆ ಬಿದ್ದಿತು.

*

ಗಲ್ಲಿಯ ತುದಿವರೆಗೆ ಹೋಗಿ ತಿರುಗಿ ಬರಬೇಕೆಂಬುದು ಪರೀಕ್ಷೆ. ದೊಡ್ಡಪ್ಪ ಬಲಕ್ಕೆ ತಿರುಗಿಸಿದರು. ಕಾರು ಎಡಕ್ಕೆ ತಿರುಗಿತು.

"ಚೆಲುವರಾಜು ಅವರೇ, ಎಲ್ಲಿಗೆ?"

"ನನಗೂ ಅದೇ ಪ್ರಶ್ನೆ ಸರ್."

"ಸಿಟಿ ಬಸ್ ಸ್ಟ್ಯಾಂಡಿಗೆ," ಎಂದೆ ನಾನು. "ಅಗ್ರಹಾರದ ಮೇಲೆ, ಅರಮನೆ ಸುತ್ತಿಕೊಂಡು ಹೋಗ್ತಿತ್ತು. ಹಳೇ ರೂಟು."

ಹಿಂದಿನ ಸೀಟಿನಲ್ಲಿ ಅಜ್ಜಿ ನೆಟ್ಟಗೆ ಕೂತರು.

ಮೊದಲ ಬಸ್ ಸ್ಟಾಪಿನಲ್ಲಿ ಕಾರು ತಾನಾಗಿ ನಿಂತಿತು. ಹಿಂದಿನ ಬಾಗಿಲು ತಾನಾಗಿ ತೆರೆದುಕೊಂಡಿತು. ನಾನು ಎರಡು ಸಲ ಕೂಗಿದರೂ ಹೊರಡಲಿಲ್ಲ. ಸ್ಟಾಪಿನಲ್ಲಿ ನಿಂತಿದ್ದ ಹೂವಿನ ಬುಟ್ಟಿಯ ಹೆಂಗಸೊಬ್ಬಳು ಬಗ್ಗಿ ನೋಡಿ, "ಅರಮನೆಗೆ ಹೋಗುತ್ತಾ?" ಎಂದಳು. ಹೋಗುತ್ತದೆ ಎಂದೆ. ಹತ್ತಿಕೊಂಡಳು. ಆಗ ಬಾಗಿಲು ಮುಚ್ಚಿತು.

"ಒಳಗೆ ಹೋಗಿ, ಒಳಗೆ ಹೋಗಿ," ಎಂದು ನನ್ನ ಬಾಯಿಂದ ಬಂತು. ಒಳಗೆ ಹೋಗಲು ಯಾವ ಜಾಗವೂ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಟೀಚರೊಬ್ಬರು, ಅದರ ಮುಂದಿನದರಲ್ಲಿ ಸೈಕಲ್ ಟೈರು ಹಿಡಿದ ಮುದುಕರೊಬ್ಬರು ಹತ್ತಿದರು. ಟೀಚರು ಚಾಚಿದ ನೂರರ ನೋಟಿಗೆ ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ಟೈರನ್ನು ಅರಸ್ ಅವರ ಹೊಟ್ಟೆಯ ಮೇಲೆ ಇಟ್ಟರು, ಅಷ್ಟು ಹೊತ್ತಿಗೆ ಅದೊಂದೇ ಸಮತಟ್ಟಾದ ಜಾಗ. ಕ್ಷೌರದ ಕುರ್ಚಿ ಈ ನಡುವೆ ಅವರನ್ನು ಒಂದು ಕೆನ್ನೆಯ ಕೆಲಸ ಮುಗಿದವರಂತೆ ಎಡಕ್ಕೆ ತಿರುಗಿಸಿ, ಸ್ವಲ್ಪ ಹೊತ್ತಿಗೆ ಬಲಕ್ಕೆ ತಿರುಗಿಸಿತು.

"ಬೇಕಾದ್ರೆ ನಿಲ್ಲಿಸೋಣ ಸರ್," ಎಂದರು ದೊಡ್ಡಪ್ಪ ದೀನವಾಗಿ.

"ಹೇಗೆ?"

"ಅದು ಗೊತ್ತಿಲ್ಲ."

ಅರಮನೆಯ ದಕ್ಷಿಣದ ಗೋಡೆ ಕಂಡಾಗ ಹತ್ತೂಕಾಲು. ಸಂಘದ ಮೆರವಣಿಗೆ ಹೊರಟಾಗಿತ್ತು. ಮುಂದೆ ಬ್ಯಾಂಡು, ಹಿಂದೆ ಮಿರಮಿರ ಮಿಂಚುವ ಮೂವತ್ತು ಕಾರುಗಳು. ಹಳೇ ರೂಟು ನೇರವಾಗಿ ಆ ಸಾಲಿನ ನಡುವಿಗೇ ಹೋಗುತ್ತಿತ್ತು. ಪ್ಲಿಮತ್ ಮೂರನೇ ಕಾರಿಗೂ ನಾಲ್ಕನೇ ಕಾರಿಗೂ ಮಧ್ಯೆ, ಸಿಟಿ ಬಸ್ಸು ನುಗ್ಗುವ ಹಾಗೆಯೇ ನುಗ್ಗಿತು. ಎರಡೂ ಕಡೆ ಜನ ಚಪ್ಪಾಳೆ ತಟ್ಟಿದರು. ಪೊಲೀಸಿನವರು ಒಳಗೆ ಮಲಗಿದ್ದ ಅರಸ್ ಅವರನ್ನು ಗುರುತಿಸಿ ಸಲ್ಯೂಟ್ ಹೊಡೆದರು. ಅರಸ್ ಟೈರಿನ ಕೆಳಗಿನಿಂದ ಕೈ ತೆಗೆದು ಬೀಸಿದರು.

ಪೂರ್ವದ ಬಾಗಿಲ ಎದುರು ಬಸ್ ಸ್ಟಾಪಿತ್ತು. ನಿಂತೆವು. ಹಿಂದಿನ ಇಪ್ಪತ್ತೇಳು ಕಾರುಗಳೂ ನಿಂತವು. ಹತ್ತುವವರು ಯಾರೂ ಇರಲಿಲ್ಲ. ಹೂವಿನವಳು ಅಲ್ಲೇ ಇಳಿದು, ಮೆರವಣಿಗೆ ನೋಡುತ್ತಿದ್ದವರಿಗೆ ಎರಡು ಮೊಳ ಮಾರಿ, ಅಜ್ಜಿಗೊಂದು ಮೊಳ ಸುಮ್ಮನೆ ಕೊಟ್ಟು ಹೋದಳು. ನಾನು ಬಾಗಿಲಲ್ಲಿ ನಿಂತು, ಅರಮನೆಯ ಎದುರು, ಬ್ಯಾಂಡಿನ ಮೇಲಿನಿಂದ ಕೂಗಿದೆ. "ರೈಟ್, ರೈಟ್!"

ಆಗ ಕುಕ್ಕರ್ ಮೊದಲ ಸೀಟಿ ಹಾಕಿತು.

"ಯಶೋದಾ," ಎಂದರು ದೊಡ್ಡಪ್ಪ ತಿರುಗಿ ನೋಡದೆ, "ಕೈ ಕಟ್ಕೊಂಡು ಕೂತ್ಕೋ."

"ಕಟ್ಕೊಂಡೇ ಇದ್ದೀನಿ."

ಎರಡನೇ ಸೀಟಿ. ದೊಡ್ಡಮ್ಮ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡರು. ಉತ್ತರದ ಬಾಗಿಲು ದಾಟಿತು. ಪಶ್ಚಿಮಕ್ಕೆ ತಿರುಗಿದೆವು. ಇನ್ನೊಂದು ಬದಿ ಮುಗಿದರೆ ಅರಮನೆಯ ಸುತ್ತು ಪೂರ್ತಿ. ಮೂರನೇ ಸೀಟಿ ಬಂತು. ದೊಡ್ಡಮ್ಮನ ಕೈ ತೊಡೆಯ ಕೆಳಗಿನಿಂದ ಹಾವಿನಂತೆ ಜಾರಿ ಕೀಲಿಯ ಕಡೆ ಹೋಯಿತು. ಅಜ್ಜಿ ತಟ್ಟನೆ ಆ ಕೈ ಹಿಡಿದುಕೊಂಡರು.

"ಬೇಯಲಿ ಬಿಡೇ," ಎಂದರು. "ಇಷ್ಟು ವರ್ಷ ಬೆಂದಿಲ್ವಾ, ಇನ್ನೊಂದು ಸೀಟಿ ಆಗಲಿ."

ಇನ್ನೂ ಆರು ಸೀಟಿ ಆದವು. ಕಾರು ಹೊಗೆಯಾಡುತ್ತಾ ಬಸ್ ಸ್ಟ್ಯಾಂಡ್ ತಲುಪಿ, ದಾರಿಯಲ್ಲಿ ಹತ್ತಿದವರನ್ನೆಲ್ಲ ಇಳಿಸಿ, ಪದ್ಧತಿಯಂತೆ ಹತ್ತು ನಿಮಿಷ ನಿಂತು, ತಿರುಗಿ ಅಗ್ರಹಾರದ ದಾರಿ ಹಿಡಿಯಿತು. ಅಜ್ಜಿ ಪೂರ್ತಿ ಒಂದು ಸುತ್ತು ನನ್ನ ಭುಜದ ಮೇಲಿನಿಂದ ಬಾಗಿ ಕಿಟಕಿಯ ಚೌಕಟ್ಟಿಗೆ ಹಣೆ ತಾಗಿಸಿ ಕೂತಿದ್ದರು. ಟೋಪಿ ಯಾವಾಗ ಚೀಲದಿಂದ ಹೊರಗೆ ಬಂತೋ, ಅವರ ಮಡಿಲಲ್ಲಿತ್ತು.

ನಮ್ಮ ಗಲ್ಲಿಯ ತುದಿಗೆ ಬಂದಾಗ ದೊಡ್ಡಪ್ಪನ ಎರಡೂ ಕೈ ಸ್ಟಿಯರಿಂಗಿನ ಅಂಚಿನಲ್ಲಿದ್ದವು. ಹಾರನ್ ಯಾರೂ ಮುಟ್ಟಿರಲಿಲ್ಲ. ಅದು ತಾನಾಗಿ, ಎರಡು ಸಲ, ಮೆತ್ತಗೆ ಕೂಗಿತು.

ದೊಡ್ಡಪ್ಪ ಎರಡೂ ಕೈ ಮೇಲೆತ್ತಿ ತೋರಿಸಿದರು. ತಿಮ್ಮಾಜಮ್ಮ ರಾಗಿ ಡಬ್ಬವನ್ನು ಎದೆಗವಚಿಕೊಂಡರು.

"ನಾನು ಇಲ್ಲೇ ಹಿಂದೆ ಕೂತಿದ್ದೀನಿ ಕಣ್ರೀ," ಎಂದರು ಅಜ್ಜಿ ಸ್ವಲ್ಪ ಬೇಸರದಿಂದ. "ಮನೇಲಿ ಯಾರಿದ್ದಾರೆ ಅಂತ ನೀರಿಡೋಕೆ?"

*

ಗೇಟಿನ ಎದುರು ಕ್ಷೌರದ ಕುರ್ಚಿ ಅರಸ್ ಅವರನ್ನು ನೆಟ್ಟಗೆ ಕೂರಿಸಿ, ಕುತ್ತಿಗೆಯ ಹಿಂದೆ ಎರಡು ಸಲ ತಟ್ಟಿ, ಬಿಟ್ಟಿತು. ಅವರು ಇಳಿದು ಮೀಸೆ ಸರಿಮಾಡಿಕೊಂಡರು. ನನ್ನ ಡೈರಿ ಕೇಳಿದರು. ಕೊಟ್ಟೆ. ಜಗಲಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಓದಿದರು. ಬೇರೆಯವರು ನನ್ನ ಡೈರಿ ಓದಿದ್ದು ಅದೇ ಮೊದಲು.

"ಸುಳ್ಳು ಹೇಳಿದೆ ಸರ್," ಎಂದರು ದೊಡ್ಡಪ್ಪ. "ತಪ್ಪಾಯ್ತು."

"ನಿಮ್ಮ ತಾಯಿ ಇನ್ನೊಂದು ಸಲ ಹೋಗಬೇಕು ಅಂತಾರಾ?"

"ಮುಂದಿನ ಭಾನುವಾರಕ್ಕೆ ಹೇಳ್ತಿದ್ದಾರೆ. ತಿಮ್ಮಾಜಮ್ಮ ದಿನಾ ಅಂತಿದ್ದಾರೆ."

ಅರಸ್ ಫಾರಂ ತುಂಬಿ, ಸಹಿ ಮಾಡಿ, ಮಡಚಿ ನನ್ನ ಕೈಗೆ ಕೊಟ್ಟು ಹೋದರು. ಅದನ್ನು ಈ ಡೈರಿಯಲ್ಲೇ ಅಂಟಿಸಿದ್ದೇನೆ. ಮೂಲರೂಪ ಎಂಬ ಕಡೆ "ಇಲ್ಲ" ಎಂದಿದೆ. ಸ್ವಂತ ಬಲ ಎಂಬ ಕಡೆ "ಅಗತ್ಯಕ್ಕಿಂತ ಹೆಚ್ಚು". ಆಸನಗಳು ಎಂಬ ಕಡೆ "ಐದು, ನಿಂತವರು ಮೂರು". ಕೊನೆಯಲ್ಲಿ, ಇತರ ಟಿಪ್ಪಣಿ ಎಂಬಲ್ಲಿ, ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಒಂದು ಸಾಲು: "ಕಂಡಕ್ಟರ್ ಅರಮನೆಯವರೆಗೆ ಕೇಳಿಸುತ್ತಾರೆ, ಚಿಲ್ಲರೆ ಮಾತ್ರ ಇಟ್ಟುಕೊಳ್ಳುವುದಿಲ್ಲ."